ಊಟದ ಮೇಜಿನ ಲಾರಿ

ಆ ಮನೆಯಲ್ಲಿ ಊಟದ ಮೇಜು ಇತ್ತು, ಆದರೆ ಅದರ ಮೇಲೆ ಊಟ ನಡೆಯುತ್ತಿರಲಿಲ್ಲ. ಮುಕ್ಕಾಲು ಮೇಜನ್ನು ಅತ್ತೆಯ ಲಾರಿ ಹಿಡಿದಿತ್ತು, ಮಿಕ್ಕ ಕಾಲು ಭಾಗವನ್ನು ಲಾರಿಯ ಬಿಡಿಭಾಗಗಳು. ಗಂಡ ತಟ್ಟೆ ಹಿಡಿದು ಕಿಟಕಿಯ ಕಟ್ಟೆ ಏರಿ ಕೂರುತ್ತಿದ್ದ. ಹತ್ತು ವರ್ಷದ ಮಗಳು ಮಂಚದ ಮೇಲೆ ತಿಂದು ಹಾಸಿಗೆಯೆಲ್ಲ ಅಗುಳು ಮಾಡುತ್ತಿದ್ದಳು. ಸೊಸೆಯಂತೂ ಕೂತು ಉಣ್ಣುವುದನ್ನೇ ಮರೆತಿದ್ದಳು. ಸೊಂಟದ ಮೇಲೆ ಕೂಸು, ಎದುರಿಗೆ ಒಲೆ, ನಡುವೆ ಎರಡು ತುತ್ತು ಬಾಯಿಗೆ ಹೋದರೆ ಅದೇ ಊಟ. ಅತ್ತೆ ಮಾತ್ರ ಲಾರಿಯ ಮೂತಿಯ ಪಕ್ಕ ತಟ್ಟೆಗೊಂದು ಜಾಗ ಮಾಡಿಕೊಂಡು, ಒಂದು ಕೈಯಲ್ಲಿ ಉಣ್ಣುತ್ತ ಇನ್ನೊಂದು ಕೈಯಲ್ಲಿ ಚಕ್ರ ತಿರುಗಿಸುತ್ತಿದ್ದರು.

ಲಾರಿ ಎಂದರೆ ಹಗ್ಗ ಕಟ್ಟಿ ಎಳೆಯುವಂಥದ್ದಲ್ಲ. ಒಂದಕ್ಕೊಂದು ಕಚ್ಚಿಕೊಳ್ಳುವ ಪ್ಲಾಸ್ಟಿಕ್ ಬ್ಲಾಕುಗಳಿಂದಲೇ ಕಟ್ಟಿದ್ದು, ಆದರೆ ಸ್ಟೀರಿಂಗ್ ತಿರುಗಿಸಿದರೆ ಮುಂದಿನ ಚಕ್ರ ತಿರುಗುತ್ತಿತ್ತು. ಬೆನ್ನ ಮೇಲಿನ ಕ್ರೇನು ಕತ್ತೆತ್ತಿ ದಾರದ ಕೊಕ್ಕೆಯಿಂದ ಒಂದು ಚಮಚವನ್ನು ಎತ್ತುತ್ತಿತ್ತು. ಹೊಟ್ಟೆಯೊಳಗೆ ಬ್ಯಾಟರಿ, ಮೋಟಾರು, ಹಲ್ಲಿನ ಚಕ್ರಗಳ ಸಂಸಾರ. ಬ್ಲಾಕುಗಳು ಮೂಲದಲ್ಲಿ ಮಗಳವು. ಬಾಯಿ ಮುಚ್ಚದೆ ವಟಗುಟ್ಟುವ ಆ ಹುಡುಗಿಯನ್ನು ಮನೆಯವರೆಲ್ಲ ಚಿನಕುರಳಿ ಎಂದೇ ಕರೆಯುತ್ತಿದ್ದರು. ಅವಳು ನಾಲ್ಕು ದಿನ ಆಡಿ, ಬೇಜಾರಾಗಿ, ಪೆಟ್ಟಿಗೆಯನ್ನು ಮಂಚದ ಕೆಳಗೆ ತಳ್ಳಿದ್ದಳು. ಕೆಲಸದಿಂದ ನಿವೃತ್ತರಾಗಿ ಬಂದ ಅತ್ತೆ ಕಸ ಗುಡಿಸುವಾಗ ಅದನ್ನು ಎಳೆದರು, ಎಳೆದವರು ಮತ್ತೆ ಒಳಗೆ ತಳ್ಳಲಿಲ್ಲ.

ಅತ್ತೆ ಸಮವಸ್ತ್ರ ಹೊಲಿಯುವ ಕಾರ್ಖಾನೆಯಲ್ಲಿ ಮೂವತ್ತು ವರ್ಷ ದುಡಿದವರು. ಅಲ್ಲಿ ಒಬ್ಬರು ಕಾಲರು, ಒಬ್ಬರು ಜೇಬು, ಅತ್ತೆ ತೋಳು. ಎಡ ತೋಳು, ಬಲ ತೋಳು, ಎಡ ತೋಳು, ಬಲ ತೋಳು. ಎದುರಿಗಿದ್ದ ಮೆಷಿನ್ನು ಕೆಟ್ಟರೆ ಅದರ ಮುಚ್ಚಳ ತೆಗೆಯುವ ಹಾಗಿಲ್ಲ. ಮೆಕ್ಯಾನಿಕ್ ಮಹಾಶಯ ಬೀಡಿ ಮುಗಿಸಿ ಬರುವವರೆಗೆ ಕೈಕಟ್ಟಿ ಕೂರಬೇಕು, ಆಮೇಲೆ ಕೂತ ಹೊತ್ತಿನ ಕೆಲಸವನ್ನೂ ತುಂಬಿಕೊಡಬೇಕು. ಒಳಗೆ ಏನು ತಿರುಗುತ್ತದೆ ಎಂದು ಒಂದು ಸಲವೂ ನೋಡದೆ ಆಯಸ್ಸಿನ ಅರ್ಧ ಕಳೆದದ್ದು ಅತ್ತೆಗೆ ಒಳಗೊಳಗೇ ಉರಿಯುತ್ತಿತ್ತು. ಈಗ ತಮ್ಮದೇ ಒಂದು ಯಂತ್ರ, ತಮ್ಮದೇ ಮುಚ್ಚಳ. ಬೇಕಾದಾಗ ತೆಗೆದು ಬೇಕಾದಾಗ ಹಾಕಬಹುದು.

ತೆಗೆಯುವುದೇ ಹೆಚ್ಚಾಗಿತ್ತು, ಯಾಕೆಂದರೆ ಲಾರಿ ಓಡುತ್ತಿರಲಿಲ್ಲ. ಸ್ವಿಚ್ಚು ಒತ್ತಿದರೆ ನಾಲ್ಕೂ ಚಕ್ರ ನೆಲ ಕಚ್ಚಿ ಗರ್‍ರ್ ಎಂದು ನರಳುವುದು, ಗಾಡಿ ಇದ್ದಲ್ಲೇ ಇರುವುದು. ಎತ್ತಿ ಹಿಡಿದು ನೋಡಿದರೆ ಮುಂದಿನ ಚಕ್ರಗಳು ಒಂದು ಕಡೆಗೆ, ಹಿಂದಿನವು ಇನ್ನೊಂದು ಕಡೆಗೆ. ಮೋಟಾರನ್ನು ಉಲ್ಟಾ ತಿರುಗಿಸಿದರೆ ಎರಡೂ ಉಲ್ಟಾ, ಜಗಳ ಹಾಗೇ.

“ನೀನೊಂದು ಸಲ ನೋಡೋ,” ಎಂದು ಅತ್ತೆ ಮಗನನ್ನು ಕೇಳಿದ್ದರು. ಅವನು ಲಿಫ್ಟ್ ರಿಪೇರಿಯವನು. ಹೊತ್ತಿಲ್ಲ ಗೊತ್ತಿಲ್ಲ, ಯಾರೋ ಎರಡು ಮಹಡಿಗಳ ನಡುವೆ ಸಿಕ್ಕಿಕೊಂಡರೆ ಇವನ ಫೋನು ಬಡಿದುಕೊಳ್ಳುತ್ತಿತ್ತು.

“ದಿನವಿಡೀ ಅದೇ ಗೇರು, ಅದೇ ಗ್ರೀಸು ನೋಡಿ ಬಂದಿದ್ದೀನಮ್ಮ. ಭಾನುವಾರ ನೋಡೋಣ.”

ಆ ಭಾನುವಾರ ಬರಲೇ ಇಲ್ಲ. ಚಿನಕುರಳಿ ಫೋನು ಹಿಡಿದು ಬಂದಳು.

“ಅಜ್ಜಿ, ಇದ್ರಲ್ಲಿ ಹುಡುಕಿದ್ರೆ ಸಿಗುತ್ತೆ. ಯಾರೋ ಮಾಡಿ ತೋರಿಸಿರ್ತಾರೆ.”

“ಬೇಡ ಕಣೇ. ಮೂವತ್ತು ವರ್ಷ ಇನ್ನೊಬ್ಬರು ಬಂದು ಸರಿಮಾಡಲಿ ಅಂತ ಕಾದಿದ್ದಾಯ್ತು. ಇದನ್ನ ನಾನೇ ಕಂಡುಹಿಡೀತೀನಿ.”

ಇದೆಲ್ಲ ಸೊಸೆಗೆ ಒಂದು ಮಟ್ಟಿಗೆ ತಮಾಷೆಯಾಗಿಯೇ ಇತ್ತು. ಆದರೆ ಅವಳ ಹೆರಿಗೆ ರಜೆ ಮುಗಿಯುತ್ತಾ ಬಂತು. ಅವಳದು ಕನ್ನಡಕದ ಅಂಗಡಿಯಲ್ಲಿ ಗಾಜು ಉಜ್ಜಿ ಫ್ರೇಮಿಗೆ ಕೂರಿಸುವ ಕೆಲಸ. ಮಾಲೀಕ ಎರಡು ಸಲ ಫೋನು ಮಾಡಿ, ಬರುತ್ತೀಯೋ ಬೇರೆಯವರನ್ನು ನೋಡಲೋ ಎಂದು ಕೇಳಿದ್ದ. ಕೂಸನ್ನು ನೋಡಿಕೊಳ್ಳಲು ಅತ್ತೆ ಬಿಟ್ಟರೆ ಇನ್ನಾರೂ ಇರಲಿಲ್ಲ. ಕೂಸಿಗೆ ಆಗ ಅಂಬೆಗಾಲು ಬಂದಿತ್ತು. ದುಂಡುದುಂಡಾಗಿದ್ದ ಅವನನ್ನು ಉಂಡೆ ಎನ್ನುತ್ತಿದ್ದರು. ಉಂಡೆ ನೆಲದ ಮೇಲೆ ಏನು ಸಿಕ್ಕರೂ ಮೊದಲು ಬಾಯಿಗಿಟ್ಟು ಆಮೇಲೆ ವಿಚಾರಿಸುವ ವಯಸ್ಸಿನಲ್ಲಿದ್ದ.

“ಅತ್ತೆ, ನಾನು ಕೆಲಸಕ್ಕೆ ಹೋಗೋಕೆ ಮುಂಚೆ ಈ ಮೇಜು ಖಾಲಿಯಾಗ್ಬೇಕು,” ಎಂದಳು ಸೊಸೆ ಒಂದು ಸಂಜೆ, ಸೂಪಿನ ಪಾತ್ರೆಯನ್ನು ಎಲ್ಲಿಡುವುದೆಂದು ತಿಳಿಯದೆ ಕೈಯಲ್ಲೇ ಹಿಡಿದು.

“ಖಾಲಿ ಮಾಡಿ ಎಲ್ಲಿಡ್ಲಿ? ನನ್ನ ತಲೆ ಮೇಲಾ?”

“ಎಲ್ಲಾದ್ರೂ ಇಡಿ. ಪೆಟ್ಟಿಗೇಲಿಡಿ. ಅಟ್ಟದ ಮೇಲಿಡಿ. ಆ ಸಣ್ಣ ಸಣ್ಣ ಸಾಮಾನು ಉಂಡೆ ಬಾಯಿಗೆ ಹೋದ್ರೆ ಏನು ಗತಿ?”

“ನಾನೇನು ಕಣ್ಣು ಮುಚ್ಕೊಂಡು ಕೂತಿರ್ತೀನಾ? ನಿನ್ನ ಗಂಡನ್ನ ಬೆಳೆಸ್ಲಿಲ್ವಾ ನಾನು?”

“ಅವರನ್ನ ಬೆಳೆಸುವಾಗ ನೀವು ಲಾರಿ ಕಟ್ತಿರ್ಲಿಲ್ಲ.”

“ಹೌದಮ್ಮ. ತೋಳು ಹೊಲೀತಿದ್ದೆ. ಅದಕ್ಕೆ ಯಾರೂ ಬೇಡ ಅನ್ಲಿಲ್ಲ, ಸಂಬಳ ಬರ್ತಿತ್ತಲ್ಲ.”

ಸೊಸೆ ಗಂಡನ ಮುಖ ನೋಡಿದಳು. ಅವನು ಕಿಟಕಿಯ ಆಚೆ ಯಾರೋ ಸೈಕಲ್ ನಿಲ್ಲಿಸುವುದನ್ನು ಬಹಳ ಆಸಕ್ತಿಯಿಂದ ನೋಡುತ್ತಿದ್ದ.

“ರೀ, ನೀವಾದ್ರೂ ಏನಾದ್ರೂ ಹೇಳ್ಬಾರ್ದಾ?”

“ಇಬ್ಬರೂ ಹೇಳ್ತಿರೋದು ಸರಿಯಾಗೇ ಇದೆಯಲ್ಲ,” ಎಂದ ಅವನು. ಇಂಥ ಉತ್ತರಕ್ಕೆ ಅವನು ಹೆಸರುವಾಸಿ. ಸೊಸೆ ಸೂಪಿನ ಪಾತ್ರೆಯನ್ನು ನೆಲದ ಮೇಲೆ ಕುಕ್ಕಿದಳು, ಆ ರಾತ್ರಿ ಎಲ್ಲರೂ ನೆಲದ ಮೇಲೆ ಕೂತು ಸೂಪು ಕುಡಿದರು.

ಕೊನೆಗೆ ಒಂದು ಒಪ್ಪಂದಕ್ಕೆ ಬಂದರು. ಉಂಡೆ ಮಲಗಿರುವಾಗ ಮಾತ್ರ ಲಾರಿಗೆ ಕೈ ಹಾಕುವುದು. ಎದ್ದಾಗ ಎಲ್ಲವನ್ನೂ ಮೇಜಿನ ನಡುವೆ ಸರಿಸುವುದು. ಸಣ್ಣ ಸಾಮಾನಿಗೆ ಸೊಸೆಯೇ ಒಂದು ಮೊಟ್ಟೆಯ ಟ್ರೇ ತಂದುಕೊಟ್ಟಳು. ಎಲ್ಲಕ್ಕಿಂತ ಸಣ್ಣವು ಬೂದು ಬಣ್ಣದ ಉಂಗುರಗಳು. ಗಾಲಿಯ ಕಡ್ಡಿ ಅತ್ತಿತ್ತ ಜಾರದಂತೆ ತಡೆಯುವ, ನಡುವೆ ತೂತಿದ್ದ, ಬೆರಳ ತುದಿಗಿಂತ ಚಿಕ್ಕ ತುಣುಕುಗಳು. ಅತ್ತೆ ಬಿಚ್ಚಿದಾಗಲೆಲ್ಲ ಒಂದು ಗುಳಿಗೆ ಒಂದರಂತೆ ಅವನ್ನು ಟ್ರೇಯಲ್ಲಿ ಕೂರಿಸುತ್ತಿದ್ದರು. ಗುಳಿಗಳಿಗೂ ಉಂಗುರಗಳಿಗೂ ಲೆಕ್ಕ ಸರಿಹೊಂದಿದ್ದು ಅತ್ತೆಗೆ ಬಹಳ ಸಮಾಧಾನ ಕೊಟ್ಟಿತ್ತು.

ಸೊಸೆ ಕೆಲಸಕ್ಕೆ ಹೋಗತೊಡಗಿದಳು. ಬೆಳಿಗ್ಗೆ ಎದ್ದು ಅನ್ನ, ತರಕಾರಿ, ಉಂಡೆಗೆ ಗಂಜಿ, ಚಿನಕುರಳಿಯ ಡಬ್ಬಿ. ಓಡಿ ಬಸ್ಸು ಹತ್ತುವುದು. ದಿನವಿಡೀ ಕಣ್ಣು ಕಿರಿದು ಮಾಡಿಕೊಂಡು ಇರುವೆಯಂಥ ತಿರುಪುಗಳನ್ನು ತಿರುಗಿಸುವುದು. ಸಂಜೆ ತಿರುಗಿ ಓಡಿ ಬಂದು ರಾಶಿ ಬಟ್ಟೆ ಒಗೆಯುವುದು. ಮೊದಮೊದಲು ಮನೆ ಸೇರಿದ ಕೂಡಲೇ ಚೀಲ ಇಡುವ ಮೊದಲೇ ಉಂಡೆಯ ಬಾಯಿಗೆ ಬೆರಳು ಹಾಕಿ ತಡವುತ್ತಿದ್ದಳು. ಅತ್ತೆ ನೋಡಿಯೂ ನೋಡದವರಂತೆ ಇರುತ್ತಿದ್ದರು. ವಾರಗಳು ಕಳೆದಂತೆ ಆ ತಡವುವುದು ನಿಂತಿತು. ಸುಸ್ತು ಎಲ್ಲ ಅನುಮಾನವನ್ನೂ ನುಂಗಿ ಹಾಕಿತು. ಲಾರಿ ಮಾತ್ರ ನರಳುತ್ತಲೇ ಇತ್ತು.

“ಇವತ್ತು ಹಿಂದಿನ ಗಾಲಿಗಳ ಅಚ್ಚನ್ನ ಪೂರ್ತಿ ಬಿಚ್ಚಿ ಮತ್ತೆ ಕಟ್ಟಿದೆ. ಊಹೂಂ,” ಎನ್ನುತ್ತಿದ್ದರು ಅತ್ತೆ ಊಟದ ಹೊತ್ತಿಗೆ.

“ಬಿಡಿ ಅತ್ತೆ. ಅದು ಓಡಿದ್ರೂ ಎಲ್ಲಿಗೆ ಹೋಗ್ಬೇಕು, ಈ ಗೋಡೆಯಿಂದ ಆ ಗೋಡೆಗೆ.”

“ನೀನೂ ಅಷ್ಟೇ. ಮನೆಯಿಂದ ಅಂಗಡಿಗೆ, ಅಂಗಡಿಯಿಂದ ಮನೆಗೆ. ಹಾಗಂತ ನಿಂತಿದ್ದೀಯಾ?”

ಅದಕ್ಕೆ ಸೊಸೆ ನಕ್ಕಳು. ಆ ತಿಂಗಳು ಅವಳು ನಕ್ಕದ್ದು ಅದೊಂದೇ ಸಲ ಇರಬೇಕು.

ಆಮೇಲೆ ಉಂಡೆಗೆ ಕೆಮ್ಮು ಬಂತು. ಚಿನಕುರಳಿಗೆ ಶಾಲೆಯಿಂದ ನೆಗಡಿ ಬಂದಿತ್ತು, ಅದೇ ಇವನಿಗೂ ಹತ್ತಿದೆ ಎಂದುಕೊಂಡರು. ಆದರೆ ಮೂಗು ಸೋರಲಿಲ್ಲ, ಮೈ ಬಿಸಿಯಾಗಲಿಲ್ಲ. ಕೆಮ್ಮು ಮಾತ್ರ ಬಿಡಲಿಲ್ಲ, ಉಸಿರೆಳೆದಾಗ ಎದೆಯಲ್ಲಿ ಸಣ್ಣ ಸಿಳ್ಳೆ ಕೇಳತೊಡಗಿತು. ಮೂರನೆಯ ದಿನ ಬೆಳಿಗ್ಗೆ ಗಂಡ ಹೆಂಡತಿ ಇಬ್ಬರೂ ಕೆಲಸಕ್ಕೆ ಹೇಳಿಕಳಿಸಿ ಆಸ್ಪತ್ರೆಗೆ ಎತ್ತಿಕೊಂಡು ಹೋದರು.

ಡಾಕ್ಟರಮ್ಮ ಎದೆಗೆ ಕೊಳವೆ ಇಟ್ಟು ಬಲಗಡೆ ಕೇಳಿದರು, ಎಡಗಡೆ ಕೇಳಿದರು, ಮತ್ತೆ ಬಲಗಡೆ ಕೇಳಿದರು.

“ಮನೇಲಿ ಸಣ್ಣ ವಸ್ತು ಏನಾದ್ರೂ ಇದೆಯಾ? ಗುಂಡಿ, ಮಣಿ, ಆಟದ ಸಾಮಾನು?”

ಗಂಡ ಹೆಂಡತಿಯ ಮುಖ ನೋಡಿದ. ಹೆಂಡತಿ ಲಾರಿಯ ಪ್ಲಾಸ್ಟಿಕ್ ಉಂಗುರಗಳ ವಿಷಯ ಹೇಳಿದಳು.

ಎದೆಯ ಎಕ್ಸ್‌ರೇ ತೆಗೆದರು. ಅದರಲ್ಲಿ ಏನೂ ಕಾಣಲಿಲ್ಲ. ಪ್ಲಾಸ್ಟಿಕ್ಕು ಅದರಲ್ಲಿ ಕಾಣುವುದೂ ಇಲ್ಲ ಎಂದರು ಡಾಕ್ಟರಮ್ಮ. “ಉಸಿರಿನ ನಾಳಕ್ಕೆ ಏನಾದ್ರೂ ಹೋಗಿದ್ರೆ ಪೂರ್ತಿ ಅರಿವಳಿಕೆ ಕೊಟ್ಟು, ಒಳಗೆ ಕೊಳವೆ ಬಿಟ್ಟು ತೆಗೀಬೇಕು. ಇಷ್ಟು ಸಣ್ಣ ಮಗುವಿಗೆ ಸುಮ್ಮಸುಮ್ಮನೆ ಅದನ್ನ ಮಾಡೋಕೆ ನನಗೆ ಮನಸ್ಸಿಲ್ಲ. ಬರೀ ಕೆಮ್ಮಾಗಿದ್ರೆ ಔಷಧಿಗೆ ಹೋಗುತ್ತೆ. ಮಗು ಇಲ್ಲೇ ಇರ್ಲಿ, ನಾವು ನೋಡ್ತಾ ಇರ್ತೀವಿ. ನೀವು ಮನೆಗೆ ಹೋಗಿ ಏನಾದ್ರೂ ಕಮ್ಮಿ ಇದೆಯಾ ಅಂತ ನೋಡಿ ಈಗಲೇ ಹೇಳಿ. ಕಮ್ಮಿ ಇದ್ರೆ ಇವತ್ತೇ ಮಾಡ್ತೀವಿ.”

“ನಾನು ಹೋಗಿ ಅಮ್ಮನ್ನ ಕೇಳ್ಕೊಂಡು ಬರ್ತೀನಿ,” ಎಂದು ಗಂಡ ಎದ್ದ.

“ನೀವು ಕೂತ್ಕೊಳ್ಳಿ. ನೀವು ಕೇಳ್ತೀರಿ, ಅವರು ಏನೂ ಇಲ್ಲ ಅಂತಾರೆ, ನೀವು ಸರಿ ಅಂತೀರಿ. ನಾನು ಹೋಗ್ತೀನಿ. ನಾನೇ ನೋಡ್ಬೇಕು.”

ಮನೆಗೆ ಬಂದಾಗ ಅತ್ತೆ ಬಾಗಿಲಲ್ಲೇ ನಿಂತಿದ್ದರು. ಸೊಸೆ ಚಪ್ಪಲಿ ಬಿಡದೆ ಒಳಗೆ ಬಂದು ಎರಡು ಮಾತಿನಲ್ಲಿ ಹೇಳಿದಳು. ಇಬ್ಬರೂ ಮೊದಲು ಮೇಜಿನ ಕೆಳಗೆ, ಮಂಚದ ಕೆಳಗೆ, ಕಸದ ಬುಟ್ಟಿಯಲ್ಲಿ, ಕಾಲೊರಸಿನ ಅಡಿಯಲ್ಲಿ ಹುಡುಕಿದರು. ಒಂದು ಬಟ್ಟೆಯ ಗುಂಡಿ ಸಿಕ್ಕಿತು, ಒಂದು ಒಣಗಿದ ಬಟಾಣಿ ಸಿಕ್ಕಿತು. ಮೇಜಿನ ಮೇಲೆ ಮೊಟ್ಟೆಯ ಟ್ರೇ ಖಾಲಿಯಾಗಿತ್ತು.

“ಉಂಗುರ ಎಲ್ಲ ಎಲ್ಲಿ?” ಎಂದಳು ಸೊಸೆ.

“ಲಾರಿ ಒಳಗಿವೆ. ಮೊನ್ನೆ ಕಟ್ಟಿ ಮುಗಿಸಿದ್ನಲ್ಲ.”

“ಎಲ್ಲವೂ ಒಳಗಿವೆಯಾ?”

ಅಚ್ಚಿನ ಒಳಗೆ ಎಲ್ಲಿ ಎಷ್ಟು ಉಂಗುರ ಕೂತಿವೆ ಎಂದು ಹೊರಗಿನಿಂದ ದೇವರೂ ಹೇಳಲಾರ. ಹಿಂದಿನ ಭಾಗವನ್ನು ಅವರು ಎಷ್ಟು ಸಲ ಬಿಚ್ಚಿ ಎಷ್ಟು ರೀತಿ ಕಟ್ಟಿದ್ದರೆಂದರೆ, ಕೊನೆಯ ಸಲ ಒಂದು ಉಂಗುರ ಬಿಟ್ಟುಹೋಗಿದ್ದರೂ ಗೊತ್ತಾಗುತ್ತಿರಲಿಲ್ಲ.

“ಬಿಚ್ಚಬೇಕು,” ಎಂದರು ಅತ್ತೆ.

ಹಳೆಯ ಬಿಳಿ ಹೊದಿಕೆಯನ್ನು ಮೇಜಿನ ಮೇಲೆ ಹಾಸಿದರು. ಕ್ರೇನಿನ ಕೈ ಹೋಯಿತು, ಡ್ರೈವರನ ಕೋಣೆ ಹೋಯಿತು, ಮೇಲಿನ ಹಲಗೆ ಹೋಯಿತು. ಅತ್ತೆ ಕೀಳುತ್ತಿದ್ದರು, ಸೊಸೆ ಕೂಡಿಡುತ್ತಿದ್ದಳು. ಅತ್ತೆಯ ಉಗುರಿಗೆ ಹಿಡಿತ ಸಿಗದಿದ್ದಾಗ ಸೊಸೆ ಕಿತ್ತುಕೊಂಡು ತಾನೇ ಬಿಡಿಸುತ್ತಿದ್ದಳು. ಅವಳ ಬೆರಳಿಗೆ ಸಣ್ಣ ವಸ್ತುಗಳ ಪಳಗಿಕೆ ಇತ್ತು. ಬಂದ ಒಂದೊಂದು ಉಂಗುರವೂ ಒಂದೊಂದು ಗುಳಿಗೆ. ಬ್ಲಾಕುಗಳು ಟಕ್ ಟಕ್ ಎಂದು ಕಳಚುತ್ತಿದ್ದವು. ಎಷ್ಟೋ ತಿಂಗಳ ಕೆಲಸ ಕಣ್ಣೆದುರಿಗೇ ಚೂರಾಗುತ್ತಿತ್ತು, ಅತ್ತೆ ಒಮ್ಮೆಯೂ ನಿಧಾನಿಸಲಿಲ್ಲ ಎಂಬುದನ್ನು ಸೊಸೆ ಆಮೇಲೆ ನೆನಪು ಮಾಡಿಕೊಂಡಳು. ಆಗ ಅದು ಅವಳ ಗಮನಕ್ಕೆ ಬರಲಿಲ್ಲ.

ಕೊನೆಗೆ ಎರಡು ಅಚ್ಚುಗಳು ಉಳಿದವು, ಮುಂದಿನದು, ಹಿಂದಿನದು. ಅತ್ತೆ ಅವೆರಡನ್ನೂ ಬಿಳಿ ಬಟ್ಟೆಯ ಮೇಲೆ ಅಕ್ಕಪಕ್ಕ ಇಟ್ಟರು. ಅವರ ಕೈ ಅಲ್ಲೇ ನಿಂತಿತು.

“ತೋಳು,” ಎಂದರು.

“ಏನು?”

“ತೋಳು ಮಾಡಿಬಿಟ್ಟಿದ್ದೀನಿ ಕಣೇ. ಎಡ ತೋಳು, ಬಲ ತೋಳು. ನೋಡಿಲ್ಲಿ. ಒಂದಕ್ಕೊಂದು ಕನ್ನಡಿ ಹಿಡಿದ ಹಾಗೆ ಜೋಡಿ ಮಾಡಿದ್ದೀನಿ. ಹಾಗೆ ಮಾಡ್ಲೇಬಾರ್ದಿತ್ತು. ಎರಡನ್ನೂ ಒಂದೇ ಥರ ಮಾಡಿ, ಒಂದನ್ನ ತಿರುಗಿಸಿ ಇಡ್ಬೇಕಿತ್ತು, ಅಷ್ಟೇ. ಆಗ ಎರಡೂ ಒಂದೇ ಕಡೆ...”

ಅವರ ಮುಖ ಬೆಳಗಿತ್ತು. ಸೊಸೆ ಮದುವೆಯಾಗಿ ಬಂದಂದಿನಿಂದ ಆ ಮುಖದ ಮೇಲೆ ಅಂಥ ಬೆಳಕನ್ನು ನೋಡಿರಲಿಲ್ಲ. ನೋಡಿ ಅವಳ ಮೈಯೆಲ್ಲ ಉರಿದುಹೋಯಿತು.

“ಅಲ್ಲಿ ನನ್ನ ಮಗು ಉಸಿರಿಗೆ ಒದ್ದಾಡ್ತಾ ಇದೆ. ನಿಮಗೆ ಈಗಲೂ ಲಾರಿದೇ ಚಿಂತೆ. ನಿಮಗೆ ಕರುಳು ಅನ್ನೋದು ಇದೆಯಾ ಇಲ್ವಾ?”

ಬೆಳಕು ಆರಿತು. ಅತ್ತೆ ಮುಂದಿನ ಅಚ್ಚನ್ನು ಎತ್ತಿಕೊಂಡು ಮುರಿಯುವವರಂತೆ ಕೀಳತೊಡಗಿದರು. ಉಂಗುರಗಳು ಒಂದೊಂದಾಗಿ ಟ್ರೇಗೆ ಬಿದ್ದವು. ಆಮೇಲೆ ಹಿಂದಿನದು. ಕೊನೆಯ ಕಡ್ಡಿಯಿಂದ ಕೊನೆಯ ಉಂಗುರ ಜಾರಿಸಿ ಇಟ್ಟಾಗ ಟ್ರೇಯ ಮೂಲೆಯಲ್ಲಿ ಒಂದು ಗುಳಿ ಖಾಲಿ ಉಳಿದಿತ್ತು.

ಅತ್ತೆ ಮೋಟಾರನ್ನು ಅಲ್ಲಾಡಿಸಿದರು. ಹೊದಿಕೆಯ ಅಂಚು ಕೊಡವಿದರು. ಬಿಡಿಯಾಗಿ ಬಿದ್ದ ಕಡ್ಡಿಗಳ ಮೇಲೆಲ್ಲ ಬೆರಳಾಡಿಸಿದರು. ಮತ್ತೆ ಆ ಗುಳಿಯನ್ನೇ ನೋಡುತ್ತ ನಿಂತರು. ಸೊಸೆ ಅವರ ಮುಖವನ್ನು ನೋಡುತ್ತಿದ್ದಳು.

“ಹಳೇದೇನೋ ಇರಬಹುದಲ್ವಾ ಅತ್ತೆ?” ಅವಳ ದನಿ ಅವಳದೇ ಅನ್ನಿಸಲಿಲ್ಲ. “ಚಿನಕುರಳಿ ಆಡುವಾಗ ಎಷ್ಟು ಕಳೆದಿದ್ದಾಳೋ. ಮೊದಲಿಂದಾನೇ ಒಂದು ಇರ್ಲಿಲ್ವೇನೋ. ನೆನಪು ಮಾಡ್ಕೊಳ್ಳಿ.”

ಅತ್ತೆ ಆ ಖಾಲಿ ಗುಳಿಗೆ ಬೆರಳಿಟ್ಟು ನಿಂತರು.

“ಒಂದು ಕಮ್ಮಿ ಇದೆ,” ಎಂದರು. “ಹಳೇದಲ್ಲ. ಅವನಿಗೆ ಕೆಮ್ಮು ಬಂದ ದಿನ ಬೆಳಿಗ್ಗೆ ಟ್ರೇ ತುಂಬಿತ್ತು, ನಾನೇ ಕೂರಿಸಿದ್ದೆ. ಅವನು ಮಲಗಿದ್ದಾನೆ ಅಂದ್ಕೊಂಡು ಕೆಳಗೆ ತಿರುಗಿ ನೋಡ್ಲಿಲ್ಲ. ಆಮೇಲೆ ನೋಡಿದ್ರೆ ಎದ್ದು ಮೇಜಿನ ಕೆಳಗೆ ಬಂದು ಕೂತಿದ್ದ. ನನ್ನ ಕೈಯಿಂದಾನೇ ಬಿದ್ದಿರೋದು. ಫೋನ್ ಮಾಡು, ಬೇಗ ಮಾಡು.”

ಸೊಸೆ ಫೋನು ಮಾಡಿದಳು. ಅವಳು ಆಸ್ಪತ್ರೆ ತಲುಪುವಷ್ಟರಲ್ಲಿ ಉಂಡೆಯನ್ನು ಒಳಗೆ ಕರೆದುಕೊಂಡು ಹೋಗಿದ್ದರು. ಹೊರಗಿನ ಬೆಂಚಿನ ಮೇಲೆ ಗಂಡ ಅವನ ಪುಟ್ಟ ಅಂಗಿಯನ್ನು ತೊಡೆಯ ಮೇಲಿಟ್ಟುಕೊಂಡು ಕೂತಿದ್ದ. ಸೊಸೆ ಅವನ ಪಕ್ಕ ಕೂತಳು. ಬೈಯಲೂ ಅಳಲೂ ಅವಳಲ್ಲಿ ತ್ರಾಣವಿರಲಿಲ್ಲ. ಬಾಗಿಲು ತೆರೆದಾಗ ಡಾಕ್ಟರಮ್ಮ ಬಾಯಿಗೆ ಕಟ್ಟಿದ್ದ ಬಟ್ಟೆ ಇಳಿಸಿ, “ಸಿಕ್ತು,” ಎಂದರು. “ಬಲಗಡೆ ನಾಳದಲ್ಲಿ ಕೂತಿತ್ತು. ನಡುವೆ ತೂತಿದ್ದದ್ದಕ್ಕೆ ಅಷ್ಟಾದ್ರೂ ಗಾಳಿ ಆಡಿದೆ. ಇನ್ನೂ ನಾಲ್ಕು ದಿನ ಕೆಮ್ಮಿನ ಔಷಧಿ ಕೊಡ್ತಾ ಕೂತಿದ್ರೆ ಕಷ್ಟ ಇತ್ತು.” ಉಂಗುರವನ್ನು ಒಂದು ಪುಟ್ಟ ಡಬ್ಬಿಯಲ್ಲಿ ಹಾಕಿ ಕೊಟ್ಟರು. ಗಂಡ ಅದನ್ನು ಅಲ್ಲೇ ಕಸದ ಬುಟ್ಟಿಗೆ ಎಸೆದು ಬಂದ.

ಉಂಡೆ ಮನೆಗೆ ಬಂದಾಗ ಊಟದ ಮೇಜು ಖಾಲಿಯಾಗಿತ್ತು. ಒರೆಸಿ ಒರೆಸಿ ಹಳೆಯ ಕಲೆಗಳೂ ಮಾಸಿದ್ದವು. ಬ್ಲಾಕುಗಳ ಪೆಟ್ಟಿಗೆಗೆ ಅತ್ತೆ ಸುತ್ತಲೂ ಅಂಟುಪಟ್ಟಿ ಸುತ್ತಿ ಅಟ್ಟಕ್ಕೆ ಏರಿಸಿದ್ದರು. ಆ ಸಂಜೆ ಎಲ್ಲರೂ ಮೇಜಿನ ಸುತ್ತ ಕೂತು ಊಟ ಮಾಡಿದರು. ಎಷ್ಟೋ ಕಾಲದಿಂದ ಸೊಸೆ ಕೇಳಿದ್ದು ಇದನ್ನೇ. ಸಿಕ್ಕಾಗ ಮೊಣಕೈ ಎಲ್ಲಿಡಬೇಕೆಂದು ಯಾರಿಗೂ ತಿಳಿಯಲಿಲ್ಲ.

“ಅಜ್ಜಿ, ತಪ್ಪು ಎಲ್ಲಿ ಅಂತ ಸಿಕ್ತಂತಲ್ಲ,” ಎಂದಳು ಚಿನಕುರಳಿ. “ಮತ್ತೆ ಕಟ್ಟಲ್ವಾ?”

“ಇಲ್ಲ.”

“ಓಡುತ್ತಾ ಇಲ್ವಾ ಅಂತಾನೂ ನೋಡಲ್ವಾ?”

“ಗೊತ್ತಾಯ್ತಲ್ಲ, ಇನ್ಯಾಕೆ. ತಟ್ಟೆ ನೋಡ್ಕೊಂಡು ಊಟ ಮಾಡು.”

ಅತ್ತೆ ಉಂಡೆಯನ್ನು ಮುಟ್ಟುವುದನ್ನೇ ಬಿಟ್ಟರು. ಪಾತ್ರೆ ತೊಳೆದರು, ನೆಲ ಒರೆಸಿದರು, ಒಮ್ಮೆ ಒರೆಸಿದ ನೆಲವನ್ನೇ ಮತ್ತೆ ಮಂಡಿಯೂರಿ ಅಂಗೈಯಿಂದ ತಡವಿದರು. ಕೂಸು ತೆವಳಿಕೊಂಡು ಬಂದು ಅವರ ಕಾಲು ಹಿಡಿದು ನಿಲ್ಲಲು ನೋಡಿದರೆ, ಕೈಗಳನ್ನು ಕಂಕುಳಿಗೆ ಸೇರಿಸಿಕೊಂಡು, “ಬಾರೇ, ಇವನ್ನ ಎತ್ಕೋ,” ಎಂದು ಸೊಸೆಯನ್ನು ಕೂಗುತ್ತಿದ್ದರು. ಸೊಸೆ ಬಂದು ಎತ್ತಿಕೊಳ್ಳುತ್ತಿದ್ದಳು. ಅವಳಿಗೆ ಕೋಪ ಹೋಗಿರಲಿಲ್ಲ. ಆದರೆ ಹಿಂದಿನ ಕೋಪದಲ್ಲಿದ್ದ ಬಿಸಿ ಅದರಲ್ಲಿ ಇರಲಿಲ್ಲ, ಬರೀ ಭಾರವಿತ್ತು.

ಕನ್ನಡಕದ ಅಂಗಡಿಯವನು ಸೋಮವಾರ ಬಾರದಿದ್ದರೆ ಬರುವುದೇ ಬೇಡ ಎಂದ. ಗಂಡ ಒಂದು ಶಿಶುವಿಹಾರದ ವಿಚಾರ ತಂದ. ಅವನು ಲಿಫ್ಟ್ ನೋಡುತ್ತಿದ್ದ ಕಟ್ಟಡದಲ್ಲೇ ಇತ್ತು. ಶನಿವಾರ ಇಬ್ಬರೂ ಹೋದರು. ಗೋಡೆಯ ತುಂಬ ಹೂವು ಬರೆದಿತ್ತು, ನೆಲಕ್ಕೆ ಮೆತ್ತನೆಯ ಹಾಸಿತ್ತು, ನಗುಮುಖದ ಹೆಂಗಸೊಬ್ಬಳು ಎಲ್ಲವನ್ನೂ ತೋರಿಸಿದಳು.

“ಮಕ್ಕಳು ಏನಾದ್ರೂ ಬಾಯಿಗೆ ಹಾಕ್ಕೊಂಡ್ರೆ?” ಎಂದು ಕೇಳಿದಳು ಸೊಸೆ.

“ಅಯ್ಯೋ, ನಮ್ಮಲ್ಲಿ ಅಂಥದ್ದೆಲ್ಲ ಆಗೋದೇ ಇಲ್ಲ.”

“ಆದ್ರೆ?”

“ಇದುವರೆಗೆ ಏನೂ ಆಗಿಲ್ಲಮ್ಮ. ಬಿದ್ದು ಗಾಯ ಆದದ್ದೂ ಇಲ್ಲ. ನೀವು ನಿಶ್ಚಿಂತೆಯಾಗಿರಿ.”

ಅವಳ ಹಿಂದೆ ಒಂದು ಮಗು ಕೂತಿತ್ತು. ಹಣೆಯ ಮೇಲೆ ಬುಗುಟು ಎದ್ದು ನೀಲಿಗಟ್ಟಿತ್ತು. ಸೊಸೆ ಅದನ್ನು ನೋಡಿದಳು, ಆ ಹೆಂಗಸೂ ಸೊಸೆ ನೋಡಿದ್ದನ್ನು ನೋಡಿ, “ಅದು ಮನೆಯಿಂದಾನೇ ಬಂದಿದ್ದು,” ಎಂದಳು. ನಿಜವೂ ಇರಬಹುದು. ಯಾರು ಬಲ್ಲರು.

ದಾರಿಯಲ್ಲಿ ಗಂಡ, “ಚೆನ್ನಾಗಿದೆಯ ಹಾಗಾದ್ರೆ? ಹೂಂ ಅನ್ಲಾ?” ಎಂದ.

“ನಿಮಗೇನನ್ಸುತ್ತೆ?”

“ನಿನಗೆ ಸರಿ ಅನ್ಸಿದ್ರೆ ನನಗೂ ಸರಿ.”

“ಒಂದು ಸಲನಾದ್ರೂ ನಿಮ್ಮ ಬಾಯಿಂದ ಒಂದು ಮಾತು ಬರುತ್ತೆ ಅಂತ ಕಾದು ಕಾದು ನನಗೆ ಸಾಕಾಗಿದೆ ಕಣ್ರೀ,” ಎಂದಳು ಅವಳು.

ಅವನು ಸ್ವಲ್ಪ ದೂರ ನಡೆದ. ಆಮೇಲೆ, “ಅಮ್ಮ ಕೇಳಿದಾಗಲೇ ನಾನು ಆ ಲಾರಿ ನೋಡಿದ್ದಿದ್ರೆ ಅದನ್ನ ಅಷ್ಟು ಸಲ ಬಿಚ್ಚೋ ಹಾಗೇ ಇರ್ತಿರ್ಲಿಲ್ಲ,” ಎಂದ. ಇದು ಅವನ ಬಾಯಿಂದ ಬಂದ ಒಂದು ಮಾತು. ಸೊಸೆ ಅವನ ಕೈಯಲ್ಲಿದ್ದ ತರಕಾರಿ ಚೀಲದ ಒಂದು ಹಿಡಿಯನ್ನು ತಾನು ಹಿಡಿದುಕೊಂಡಳು.

ಸೋಮವಾರ ಬೆಳಿಗ್ಗೆ ಅವಳು ಎಂದಿನಂತೆ ಅನ್ನ ಮಾಡಿ, ಡಬ್ಬಿ ತುಂಬಿ, ಮಗಳನ್ನು ಶಾಲೆಗೆ ಕಳಿಸಿದಳು. ಗಂಡ ಬೆಳಗಾಗುವ ಮೊದಲೇ ಯಾರದೋ ಲಿಫ್ಟಿಗೆ ಹೋಗಿದ್ದ. ಅತ್ತೆ ಮೇಜಿನ ಬಳಿ ಕೂತು ಸೊಪ್ಪು ಬಿಡಿಸುತ್ತಿದ್ದರು. ಸೊಸೆ ಕೂದಲು ಬಾಚಿಕೊಂಡು, ಉಂಡೆಯನ್ನು ಎತ್ತಿಕೊಂಡು ಬಂದು ಅವರ ಎದುರಿಗೆ ನಿಂತಳು.

“ಹಿಡ್ಕೊಳ್ಳಿ. ಬಸ್ಸಿಗೆ ಹೊತ್ತಾಯ್ತು.”

“ಶಿಶುವಿಹಾರ?”

“ಬೇಡ ಅಂದೆ.”

“ನನ್ನ ಹತ್ರ ಬಿಡಬೇಡ ಕಣಮ್ಮ. ನನಗೆ ಧೈರ್ಯ ಇಲ್ಲ.”

“ನನಗೂ ಇಲ್ಲ. ಹಿಡ್ಕೊಳ್ಳಿ.”

ಅತ್ತೆಯ ಕೈ ಸೊಪ್ಪಿನ ಮೇಲೆಯೇ ಇತ್ತು. “ನಿನಗೊಂದು ಮಾತು ಹೇಳ್ಬೇಕು,” ಎಂದರು. “ಅವತ್ತು ಆ ಟ್ರೇ ನೋಡ್ತಾ ನಿಂತಿದ್ನಲ್ಲ. ಹೇಳೋದೇ ಬೇಡ ಅಂದ್ಕೊಂಡೆ. ಹಳೇದೇ ಕಳೆದಿರೋದು ಅಂದುಬಿಟ್ರೆ ನನ್ನ ಮೇಲೆ ಬರಲ್ಲ ಅಂತ. ಒಂದು ಗಳಿಗೆ ಹಾಗೆ ಅಂದ್ಕೊಂಡೆ.”

“ಗೊತ್ತು. ನಿಮ್ಮ ಮುಖಾನೇ ನೋಡ್ತಿದ್ದೆ.”

“ಗೊತ್ತಿದ್ದೂ ಬಿಟ್ಟು ಹೋಗ್ತೀಯಾ?”

“ಹಳೇದಿರಬಹುದು ಅಂತ ನಿಮ್ಮ ಬಾಯಿಗೆ ಮಾತು ಇಟ್ಟಿದ್ದು ಯಾರು ಅತ್ತೆ? ನಾನೇ ತಾನೆ? ನೀವು ಹೂಂ ಅಂದಿದ್ರೆ ನಾನು ಅದನ್ನೇ ನಂಬ್ಕೊಂಡು ಹೋಗ್ತಿದ್ದೆ. ನಂಬೋಕೆ ಅಷ್ಟು ಆಸೆ ಇತ್ತು ನನಗೆ. ನೀವು ಅನ್ಲಿಲ್ಲ.” ಅವಳು ಉಂಡೆಯನ್ನು ಇನ್ನಷ್ಟು ಮುಂದೆ ಚಾಚಿದಳು. “ಅವನಿಗೆ ಏನಾದ್ರೂ ಆದ್ರೆ ನನಗೆ ನಿಜ ಹೇಳೋರು ಬೇಕು. ಏನೂ ಆಗೋದೇ ಇಲ್ಲ ಅನ್ನೋರನ್ನ ಇಟ್ಕೊಂಡು ನಾನೇನು ಮಾಡ್ಲಿ?”

ಉಂಡೆ ಅಷ್ಟರಲ್ಲಿ ಮುಂದೆ ಬಾಗಿ ಅಜ್ಜಿಯ ಕೊರಳಿಗೆ ಕೈ ಚಾಚಿದ್ದ. ಅತ್ತೆ ಕೈಗಳನ್ನು ಸೆರಗಿಗೆ ಒರೆಸಿಕೊಂಡರು, ಇನ್ನೊಮ್ಮೆ ಒರೆಸಿಕೊಂಡರು. ಅವನನ್ನು ತೆಗೆದುಕೊಂಡು ಎರಡೂ ತೋಳಿನಿಂದ ಬಿಗಿಯಾಗಿ ಹಿಡಿದರು, ಸೊಸೆ ಆ ಹಿಡಿತ ಸರಿಯಾಗುವವರೆಗೆ ಕಾದಳು. ಆಮೇಲೆ ಚೀಲ ಹೆಗಲಿಗೇರಿಸಿ ಚಪ್ಪಲಿ ಮೆಟ್ಟಿದಳು.

ಅವಳು ಮೆಟ್ಟಿಲ ತಿರುವಿಗೆ ಬಂದಾಗ ಅತ್ತೆ ಬಾಗಿಲಿಗೆ ಬಂದು ಕೂಗಿದರು.

“ಗಂಜಿ ಎಷ್ಟು ಹೊತ್ತಿಗೆ ಕೊಡ್ಲೇ?”

“ಅವನು ಕೇಳಿದಾಗ,” ಎಂದಳು ಸೊಸೆ, ನಿಲ್ಲದೆ ಇಳಿಯುತ್ತ.